ಸಿಪಾಯಿಯ ಶಿಸ್ತು, ಶಾಸಕನ ಹೊಣೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಹಳ್ಳಿಗಳಲ್ಲಿ ಸೇನೆಯಿಂದ ನಿವೃತ್ತರಾಗಿ ಬಂದವರಿಗೆ ಒಂದು ವಿಶೇಷ ಮನ್ನಣೆ ಇದೆ. ಸ್ವಾತಂತ್ರ್ಯೋತ್ಸವದ ದಿನ ಶಾಲೆಯಲ್ಲಿ ಅವರಿಗೆ ಮುಂದಿನ ಸಾಲಿನ ಕುರ್ಚಿ ಹಾಕುತ್ತಾರೆ, ಶಾಲು ಹೊದಿಸುತ್ತಾರೆ. ಅದು ಸಲ್ಲಬೇಕಾದ ಗೌರವ, ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಏಳುವುದು ಅವರಲ್ಲೊಬ್ಬರು ಚುನಾವಣೆಗೆ ನಿಂತಾಗ. ಗಡಿ ಕಾದವರು ಕ್ಷೇತ್ರ ಕಾಯಲಾರರೇ, ಪ್ರಾಣವನ್ನೇ ಪಣಕ್ಕಿಟ್ಟವರು ಹಣಕ್ಕೆ ಕೈಚಾಚುವರೇ ಎಂಬ ಮಾತು ಪ್ರಚಾರದ ವೇದಿಕೆಯಿಂದ ಕೇಳಿಬರುತ್ತದೆ. ಕಿವಿಗೆ ಹಿತವಾದ ಈ ತರ್ಕ ನಿಜವೇ? ಒಬ್ಬರ ಸೇನಾ ಸೇವೆಯಿಂದ ಅವರ ಶಾಸಕತ್ವದ ಬಗ್ಗೆ ನಾವು ಏನನ್ನು ಊಹಿಸಬಹುದು, ಏನನ್ನು ಊಹಿಸಬಾರದು?

ಈ ಪ್ರಶ್ನೆ ಕೇಳಲು ನಮಗೆ ಹಿಂಜರಿಕೆ ಇರುವುದು ಸಹಜ. ಶೌರ್ಯವನ್ನು ಕಲ್ಲಿನಲ್ಲಿ ಕೆತ್ತಿಸಿದ ನೆಲ ಇದು. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ರವಿಕೀರ್ತಿ ಕ್ರಿ.ಶ. 634ರಲ್ಲಿ ಬರೆಸಿದ ಶಾಸನ ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು ಒಂದೊಂದಾಗಿ ಹೇಳುತ್ತದೆ. ಹರ್ಷವರ್ಧನನನ್ನು ತಡೆದ ಹೆಮ್ಮೆಯೂ ಅದರಲ್ಲಿದೆ. ಅದಾಗಿ ಸುಮಾರು ಹತ್ತು ವರ್ಷಗಳಲ್ಲೇ ಪಲ್ಲವರ ನರಸಿಂಹವರ್ಮ ವಾತಾಪಿಯನ್ನು ಹಿಡಿದ. ಬಾದಾಮಿಯ ಬಂಡೆಯ ಮೇಲೆ ಅವನ ಶಾಸನವೂ ಉಳಿದಿದೆ. ಗೆದ್ದವರ ಮಾತು ಎರಡೂ ಕಡೆ ಇದೆ. ಆ ವರ್ಷಗಳಲ್ಲಿ ಬಾದಾಮಿಯ ಸುತ್ತ ಬೇಸಾಯ ಮಾಡಿಕೊಂಡಿದ್ದವರಿಗೆ, ಮಗ್ಗ ನಡೆಸುತ್ತಿದ್ದವರಿಗೆ ಆ ಗೆಲುವು ಸೋಲುಗಳಲ್ಲಿ ಏನಾಯಿತು ಎಂಬುದನ್ನು ಆ ಕಲ್ಲುಗಳು ಹೇಳುವುದಿಲ್ಲ. ಅಂದಿನ ಪ್ರಜೆಗೆ ರಾಜನನ್ನು ಅಳೆಯುವ ಅಧಿಕಾರವಿರಲಿಲ್ಲ. ಇಂದಿನ ಪ್ರಜೆಗೆ ಐದು ವರ್ಷಕ್ಕೊಮ್ಮೆಯಾದರೂ ಆ ಅಧಿಕಾರವಿದೆ. ಅದನ್ನು ಹೊಗಳಿಕೆಯಲ್ಲಿ ಕಳೆದುಕೊಂಡರೆ ನಷ್ಟ ನಮ್ಮದೇ.

ಮೊದಲು ಸೈನಿಕನ, ಶಾಸಕನ ಎರಡೂ ಕೆಲಸಗಳ ಸ್ವರೂಪ ನೋಡೋಣ. ಮಲಪ್ರಭೆಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದ ನೂರಾರು ಹಳ್ಳಿಗಳು ಮುಳುಗಿದವು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ನೆನೆದು ಕುಸಿದವು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ಹರಿಸಿದ ನೀರೂ ಸೇರಿ ಹೊಳೆ ಉಕ್ಕಿದಾಗ ಪಟ್ಟದಕಲ್ಲಿನ ಗುಡಿಗಳ ಅಂಗಳದವರೆಗೂ ನೀರು ಬಂತು. ಇಂಥ ಹೊತ್ತಿನಲ್ಲಿ ಸೈನಿಕ ಮಾಡುವ ಕೆಲಸಕ್ಕೆ ಹೋಲಿಕೆ ಇಲ್ಲ. ಅವನು ದೋಣಿ ಇಳಿಸುತ್ತಾನೆ, ಮಾಳಿಗೆಯ ಮೇಲೆ ಕುಳಿತ ಮುದುಕಿಯನ್ನು ಹೊತ್ತು ತರುತ್ತಾನೆ. ಯಾವ ಜಾತಿ, ಯಾರ ಓಟು ಎಂದು ಕೇಳುವುದಿಲ್ಲ. ಆದೇಶ ಬಂದೊಡನೆ ನೀರಿಗಿಳಿಯುವುದೇ ಅಲ್ಲಿ ಸದ್ಗುಣ.

ಆದರೆ ನೀರು ಇಳಿದ ಮೇಲೆ ಬರುವ ಪ್ರಶ್ನೆಗಳೇ ಬೇರೆ. 2009ರ ನೆರೆಯ ನಂತರ ಸರ್ಕಾರ ಆಸರೆ ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಮನೆ ಕಟ್ಟಿಸಿತು. ಹೊಸ ಮನೆ ಹೊಲದಿಂದ ಎಷ್ಟು ದೂರ? ದನ ಕಟ್ಟಲು ಜಾಗ ಇದೆಯೇ? ಕೂಡುಕುಟುಂಬದ ಮೂವರು ಅಣ್ಣತಮ್ಮಂದಿರಿಗೆ ಒಂದೇ ಮನೆಯೋ, ಮೂರೋ? ಹಕ್ಕುಪತ್ರ ಯಾರ ಹೆಸರಿಗೆ? ಇವಕ್ಕೆ ಸರಿಯಾದ ಉತ್ತರ ಸಿಗದ ಕಡೆ ಜನ ಹಳೆಯ ಊರನ್ನು ಬಿಡಲಿಲ್ಲ. ಹತ್ತು ವರ್ಷದ ನಂತರ ನೀರು ಮತ್ತೆ ಅವರ ಮನೆಗೆ ನುಗ್ಗಿತು. ಸೈನಿಕ ಎರಡನೆಯ ಸಲವೂ ಅವರನ್ನು ಹೊತ್ತು ತಂದ. ಎರಡನೆಯ ಸಲ ಹೊರಬೇಕಾಗಿ ಬಂದದ್ದೇಕೆ ಎಂಬುದಕ್ಕೆ ಉತ್ತರ ಹೇಳಬೇಕಾದವರು ಶಾಸಕರು. ಆ ಉತ್ತರ ಆದೇಶದಿಂದ ಹುಟ್ಟುವಂಥದಲ್ಲ. ವರ್ಷಗಟ್ಟಲೆ ಜನರೊಂದಿಗೆ ಕುಳಿತು ಮಾತಾಡಿ, ಅಧಿಕಾರಿಯ ವರದಿಯನ್ನು ಅನುಮಾನಿಸಿ, ಬಜೆಟ್ಟಿನ ಲೆಕ್ಕ ಓದಿ, ಸ್ವಂತ ಪಕ್ಷದ ಮಂತ್ರಿಯನ್ನೇ ಸದನದಲ್ಲಿ ನಿಲ್ಲಿಸಿ ಕೇಳಿ ಅದನ್ನು ಪಡೆಯಬೇಕು.

ಇನ್ನೊಂದು ಸಂಗತಿಯೂ ಇದೆ. ದೇಶದ ರಕ್ಷಣೆ ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಪೂರ್ತಿಯಾಗಿ ಕೇಂದ್ರದ ವಿಷಯ. ವಿಧಾನಸಭೆಯಲ್ಲಿ ಕೂರುವ ಹುನಗುಂದದ ಶಾಸಕರಾಗಲಿ ಬಾದಾಮಿಯ ಶಾಸಕರಾಗಲಿ ಗಡಿಯ ಬಗ್ಗೆ ಒಂದು ಕಾನೂನನ್ನೂ ಮಾಡಲಾರರು. ಅವರ ಮುಂದೆ ಬರುವುದು ಆಲಮಟ್ಟಿ ಅಣೆಕಟ್ಟೆಯ ಎತ್ತರವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಿದರೆ ಮುಳುಗುವ ಊರುಗಳ ಪುನರ್ವಸತಿ, ಇಳಕಲ್ ಸೀರೆ ನೇಯುವವರ ಕೂಲಿ, ಗ್ರಾನೈಟ್ ಕ್ವಾರಿಗಳಲ್ಲಿ ದುಡಿಯುವವರ ಸುರಕ್ಷತೆ, ಶಾಲೆಗೆ ಶಿಕ್ಷಕರು, ಊರಿಗೆ ಕುಡಿಯುವ ನೀರು. ಇವುಗಳ ಬಗ್ಗೆ ಮತ ಕೇಳಬೇಕಾದ ವೇದಿಕೆಯಲ್ಲಿ ಗಡಿಯ ಮಾತೇ ತುಂಬಿಕೊಂಡರೆ ಮತದಾರನಿಗೆ ನ್ಯಾಯವಾಗಿ ಸಿಗಬೇಕಾದ ಉತ್ತರ ತಪ್ಪಿಹೋಗುತ್ತದೆ. ಚುನಾವಣಾ ಆಯೋಗ 2013ರಲ್ಲಿ, ಮತ್ತೆ 2019ರ ಮಾರ್ಚ್‌ನಲ್ಲಿ, ಸೈನಿಕರ ಚಿತ್ರಗಳನ್ನು ಪ್ರಚಾರಕ್ಕೆ ಬಳಸಬೇಡಿ ಎಂದು ಪಕ್ಷಗಳಿಗೆ ತಿಳಿಸಿದ್ದು ಸೇನೆಯ ಮರ್ಯಾದೆಗಾಗಿ. ಮತದಾರನ ಮರ್ಯಾದೆಗೂ ಅದು ಅಷ್ಟೇ ಅಗತ್ಯ.

ಇದಕ್ಕೆ ಬರುವ ಆಕ್ಷೇಪ ಗಂಭೀರವಾದದ್ದು. ನೀತಿಗೆಟ್ಟ ರಾಜಕಾರಣದಲ್ಲಿ ಶಿಸ್ತು, ಪ್ರಾಮಾಣಿಕತೆ ಕಲಿತು ಬಂದವರು ಬೇಡವೇ ಎನ್ನುತ್ತಾರೆ. ಖಂಡಿತ ಬೇಕು. ಸೇನೆ ಕಲಿಸುವ ಒಂದು ಪಾಠ ನಮ್ಮ ಊರುಗಳಿಗೆ ತುರ್ತಾಗಿ ಬೇಕಾಗಿದೆ ಎಂದೇ ನನ್ನ ನಂಬಿಕೆ. ಹದಿನೇಳು ವರ್ಷ ಸೇನೆಯ ಒಂದೇ ಊಟದ ಮನೆಯಲ್ಲಿ, ಪಕ್ಕದವನ ಜಾತಿ ಕೇಳದೆ ಉಂಡ ಜವಾನ ಊರಿಗೆ ಮರಳುತ್ತಾನೆ. ಅಲ್ಲಿ ಇನ್ನೂ ಕೆಲವು ಕೇರಿಗಳವರಿಗೆ ಗುಡಿಯ ಬಾಗಿಲು ಮುಚ್ಚಿರುತ್ತದೆ. ತಾನು ಕಂಡ ಸಮಾನತೆಯನ್ನು ಅವನು ಊರಿನ ಬಾಗಿಲಿಗೆ ತಂದರೆ ಅದಕ್ಕಿಂತ ದೊಡ್ಡ ದೇಶಸೇವೆ ಇಲ್ಲ. ಆದರೆ ಇದು ತಾನಾಗಿಯೇ ಆಗುತ್ತದೆ ಎನ್ನಲು ಬರುವುದಿಲ್ಲ. ಮರಳಿದವನು ತನ್ನ ಕೇರಿಯ ಹಳೆಯ ಕಟ್ಟಳೆಗೆ ಮರುದಿನವೇ ಹೊಂದಿಕೊಳ್ಳುವುದೂ ಉಂಟು. ಸೇವೆ ಒಂದು ಅವಕಾಶ ಕೊಡುತ್ತದೆ. ಅದನ್ನು ಬಳಸಿಕೊಂಡರೋ ಇಲ್ಲವೋ ಎಂಬುದನ್ನು ಊರಿನಲ್ಲಿ ಅವರು ನಡೆದುಕೊಂಡ ರೀತಿಯಿಂದಲೇ ತಿಳಿಯಬೇಕು.

ಪ್ರಾಮಾಣಿಕತೆಯ ಮಾತೂ ಹೀಗೆಯೇ. ಮುಂಬಯಿಯ ಆದರ್ಶ ಹೌಸಿಂಗ್ ಸೊಸೈಟಿಯ ಹಗರಣ 2010ರಲ್ಲಿ ಬಯಲಾದಾಗ ಮುಖ್ಯಮಂತ್ರಿಯೊಬ್ಬರು ಕುರ್ಚಿ ಬಿಡಬೇಕಾಯಿತು. ಅಲ್ಲಿ ಫ್ಲ್ಯಾಟ್ ಪಡೆದವರ ಪಟ್ಟಿಯಲ್ಲಿ ರಾಜಕಾರಣಿಗಳ ಬಂಧುಗಳ ಜೊತೆಗೆ ಸೇನೆಯ ಅತ್ಯುನ್ನತ ಹುದ್ದೆಯಿಂದ ನಿವೃತ್ತರಾದವರೂ ಇದ್ದರು. ಇದರಿಂದ ಸೇನೆ ಕೆಟ್ಟದ್ದೆಂದು ಸಾಬೀತಾಗುವುದಿಲ್ಲ. ಸಮವಸ್ತ್ರ ಪ್ರಾಮಾಣಿಕತೆಯ ಖಾತರಿಯಲ್ಲ ಎಂಬಷ್ಟು ಮಾತ್ರ ಸಾಬೀತಾಗುತ್ತದೆ.

ಸೇನೆಯಲ್ಲಿದ್ದು ಶಾಸಕರಾದವರ ನಡೆ ಹೇಗಿತ್ತು? ನಮ್ಮ ರಾಜ್ಯದಲ್ಲಿ ಕ್ಯಾಪ್ಟನ್ ಗಣೇಶ್ ಕಾರ್ಣಿಕ್ ವಿಧಾನ ಪರಿಷತ್ತಿಗೆ ಬಂದದ್ದು ನೈಋತ್ಯ ಶಿಕ್ಷಕರ ಕ್ಷೇತ್ರದಿಂದ. 2018ರಲ್ಲಿ ಸೋತದ್ದೂ ಅಲ್ಲಿಯೇ. ಶಿಕ್ಷಕರ ಕ್ಷೇತ್ರದಲ್ಲಿ ಚರ್ಚೆಗೆ ಬರುವುದು ಪಿಂಚಣಿ, ಅನುದಾನ, ನೇಮಕಾತಿ. ಇನ್ನೂ ವಿವರವಾಗಿ ನೋಡಬೇಕಾದದ್ದು ಪಂಜಾಬಿನ ಅಮರಿಂದರ್ ಸಿಂಗ್ ಅವರ ಉದಾಹರಣೆ. 1963ರಲ್ಲಿ ಸೇನೆ ಸೇರಿದ ಅವರು 1965ರ ಆರಂಭದಲ್ಲಿ ಹುದ್ದೆ ಬಿಟ್ಟು, ಯುದ್ಧ ಶುರುವಾದಾಗ ಮತ್ತೆ ಹೋಗಿ ಸೇರಿಕೊಂಡರು. 1984ರಲ್ಲಿ ಸ್ವರ್ಣಮಂದಿರಕ್ಕೆ ಸೇನೆ ನುಗ್ಗಿದಾಗ ಅದನ್ನು ಪ್ರತಿಭಟಿಸಿ ಲೋಕಸಭಾ ಸದಸ್ಯತ್ವವನ್ನೂ ಕಾಂಗ್ರೆಸ್ಸನ್ನೂ ಬಿಟ್ಟರು. ಸೇನೆಯ ಮನುಷ್ಯ ಸೇನೆಯ ಕಾರ್ಯಾಚರಣೆಯನ್ನೇ ವಿರೋಧಿಸಿ ಪಕ್ಷದ ಆಜ್ಞೆ ಮೀರಿದ್ದು ಸಣ್ಣ ಮಾತಲ್ಲ. ಅದು ಆತ್ಮಸಾಕ್ಷಿಯ ತೀರ್ಮಾನ. ಅದೇ ವ್ಯಕ್ತಿ ಮುಖ್ಯಮಂತ್ರಿಯಾಗಿ 2004ರಲ್ಲಿ ನೆರೆರಾಜ್ಯಗಳ ಜೊತೆಗಿನ ನದಿ ಒಪ್ಪಂದಗಳನ್ನು ರದ್ದುಪಡಿಸುವ ಕಾಯ್ದೆಯನ್ನು ವಿಧಾನಸಭೆಯಲ್ಲಿ ಪಾಸು ಮಾಡಿಸಿದರು. 2016ರಲ್ಲಿ ಸುಪ್ರೀಂ ಕೋರ್ಟ್ ಅದು ಸಂವಿಧಾನಬಾಹಿರ ಎಂದು ಅಭಿಪ್ರಾಯ ನೀಡಿತು.

ಕನ್ನಡಿಗರಿಗೆ ಈ ಕತೆ ಗೊತ್ತಿರುವಂಥದೇ. 1991ರ ಜುಲೈನಲ್ಲಿ ಬಂಗಾರಪ್ಪನವರ ಸರ್ಕಾರ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶವನ್ನು ಮೀರಲು ಸುಗ್ರೀವಾಜ್ಞೆ ತಂದಿತು. ಅದೇ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಊರ್ಜಿತವಲ್ಲ ಎಂದಿತು. ಬಂಗಾರಪ್ಪ ಸೇನೆಯಲ್ಲಿದ್ದವರಲ್ಲ, ಅಮರಿಂದರ್ ಇದ್ದವರು. ನೆರೆರಾಜ್ಯದವರಿಗೂ ಹಕ್ಕಿದೆ, ನಮ್ಮ ಪ್ರಕರಣಕ್ಕೆ ನಾವೇ ತೀರ್ಪುಗಾರರಾಗಲು ಬರುವುದಿಲ್ಲ ಎಂಬ ಸರಳ ನ್ಯಾಯವನ್ನು ಇಬ್ಬರೂ ಜನಪ್ರಿಯತೆಯ ಒತ್ತಡದಲ್ಲಿ ಬದಿಗಿಟ್ಟರು. ಹಿಂದಿನ ವೃತ್ತಿ ಇಲ್ಲಿ ಯಾವ ವ್ಯತ್ಯಾಸವನ್ನೂ ಮಾಡಲಿಲ್ಲ.

ಸೇನೆಯಲ್ಲಿರುವಾಗ ರಾಜಕೀಯ ಮಾತಾಡುವ ಹಕ್ಕು ಸೈನಿಕನಿಗೆ ಇರುವುದಿಲ್ಲ. ಸಂವಿಧಾನದ 33ನೇ ವಿಧಿ, 1950ರ ಸೇನಾ ಕಾಯ್ದೆ ಮತ್ತು ಅದರಡಿಯ ನಿಯಮಗಳು ಅದನ್ನು ನಿರ್ಬಂಧಿಸುತ್ತವೆ. ಅವನು ಮತ ಹಾಕಬಹುದು, ಪಕ್ಷದ ಸಭೆಯಲ್ಲಿ ಕೂರುವಂತಿಲ್ಲ. ಇದು ಅನ್ಯಾಯವಲ್ಲ. ನೆರೆಯ ದೇಶಗಳಲ್ಲಿ ಸೇನೆ ಬ್ಯಾರಕ್ ಬಿಟ್ಟು ಸಿಂಹಾಸನಕ್ಕೆ ಬಂದಾಗ ಏನಾಯಿತು ಎಂಬುದು ಎಲ್ಲರಿಗೂ ಗೊತ್ತಿದೆ. 1959ರಲ್ಲಿ ಕೊಡಗಿನ ಜನರಲ್ ತಿಮ್ಮಯ್ಯ ಸೇನೆಯ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಕೊಟ್ಟರು. ನೆಹರೂ ಒತ್ತಾಯದಿಂದ ಅದನ್ನು ಹಿಂದೆಗೆದುಕೊಂಡರು. ಅವರ ಮುಂದಿದ್ದ ದಾರಿ ಎರಡೇ, ಹೇಳಿದ್ದನ್ನು ಮಾಡುವುದು ಅಥವಾ ಹುದ್ದೆ ಬಿಡುವುದು. ಮೂರನೆಯ ದಾರಿಯನ್ನು ಅವರು ಯೋಚಿಸಲಿಲ್ಲ. ಅದಕ್ಕಾಗಿ ಈ ಗಣರಾಜ್ಯ ಅವರಿಗೆ ಋಣಿ. ಶಾಸಕನಿಗೆ ಇರುವುದು ಆ ಮೂರನೆಯ ದಾರಿಯೇ. ಅವನು ಹುದ್ದೆಯಲ್ಲಿದ್ದುಕೊಂಡೇ, ಬಹಿರಂಗವಾಗಿ, ಕಾರಣ ಕೊಟ್ಟು ಒಪ್ಪುವುದಿಲ್ಲ ಎನ್ನಬಹುದು, ಹಲವು ಸಲ ಅನ್ನಲೇಬೇಕು. ಸೇನೆಯಲ್ಲಿ ಅಪರಾಧವಾಗಬಹುದಾದದ್ದು ಸದನದಲ್ಲಿ ಕರ್ತವ್ಯ. ಸೇವೆ ಮುಗಿಸಿ ಬಂದವರು ಸದನ ಸೇರಿದರೆ ಹೊಸದಾಗಿ ಕಲಿಯಬೇಕಾದ ದೊಡ್ಡ ವಿದ್ಯೆ ಇದು. ಇದನ್ನು ಕಲಿಯಲಾರರು ಎಂದು ನಾನು ಹೇಳುತ್ತಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರಷ್ಟು ಗೌರವ ಪಡೆದ ಸೇನಾನಿ ನಮ್ಮಲ್ಲಿ ವಿರಳ. ಅವರೇ 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತಾಗ ಮತದಾರರು ಆರಿಸಲಿಲ್ಲ. ಅಲ್ಲಿನ ಜನ ಅವರನ್ನು ಅವಮಾನಿಸಿದರು ಎಂದು ಯಾರೂ ಭಾವಿಸಬೇಕಿಲ್ಲ. ಗೌರವವೂ ಮತವೂ ಎರಡು ಬೇರೆ ತೀರ್ಮಾನಗಳು ಎಂಬುದನ್ನು ಆ ಮತದಾರರು ತೋರಿಸಿಕೊಟ್ಟರು.

ಇನ್ನೊಂದು ಕಡೆ, ಸೇನೆಯ ಮುಖವನ್ನೇ ಕಾಣದ ನಮ್ಮ ಶಾಸಕರು ತಮ್ಮನ್ನು ತಾವು ಪಕ್ಷದ ಶಿಸ್ತಿನ ಸಿಪಾಯಿ ಎಂದು ಕರೆದುಕೊಳ್ಳುತ್ತಾರೆ. ಟಿಕೆಟ್ ತಪ್ಪಿದಾಗ, ಮಂತ್ರಿಗಿರಿ ಸಿಗದಾಗ, ಕೇಳಬೇಕಾದ ಪ್ರಶ್ನೆಯನ್ನು ನುಂಗಿಕೊಂಡಾಗ ಈ ಮಾತು ಬರುತ್ತದೆ. ಕ್ಷೇತ್ರದ ಎರಡು ಲಕ್ಷಕ್ಕೂ ಹೆಚ್ಚು ಮತದಾರರ ಪ್ರತಿನಿಧಿ ತಾನು ಯಾರದೋ ಸಿಪಾಯಿ ಎಂದು ಹೇಳಿಕೊಂಡರೆ ಆ ಮತದಾರರ ಮಾತು ಎಲ್ಲಿ ಹೋಯಿತು? 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧದ ಕಾನೂನು, ಈ ಸ್ಥಿತಿಗೆ ಕಾನೂನಿನ ಬಲವನ್ನೂ ಕೊಟ್ಟಿತು. ಪಕ್ಷದ ಆದೇಶವಾದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು.

ಆ ಕಾನೂನು ಇಲ್ಲದಿದ್ದರೆ ಶಾಸಕರು ಹರಾಜಿಗೆ ನಿಲ್ಲುತ್ತಾರೆ ಎಂಬ ವಾದಕ್ಕೆ ಕರ್ನಾಟಕದಲ್ಲೇ ಸಾಕಷ್ಟು ಆಧಾರವಿದೆ. 2019ರಲ್ಲಿ 17 ಶಾಸಕರು ಅನರ್ಹರಾದರು, ಸರ್ಕಾರವೊಂದು ಉರುಳಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಬಿಟ್ಟಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಹೊಸ ಪಕ್ಷದ ಚಿಹ್ನೆಯಲ್ಲಿ ಗೆದ್ದೇ ಬಂದರು. ಅಂದರೆ ಹಣ, ಅಧಿಕಾರಕ್ಕಾಗಿ ಹಾರುವವರನ್ನು ಆ ಕಾನೂನು ತಡೆಯಲಿಲ್ಲ. ಅದು ನಿಜವಾಗಿ ಬಾಯಿ ಕಟ್ಟುವುದು ಪಕ್ಷದಲ್ಲೇ ಇದ್ದುಕೊಂಡು ಒಂದು ಮಸೂದೆ ತನ್ನ ಜನಕ್ಕೆ ಕೆಡುಕು ಎಂದು ಹೇಳಬಯಸುವ ಶಾಸಕನದು. 1992ರ ಕಿಹೊಟೊ ಹೊಲ್ಲೊಹಾನ್ ತೀರ್ಪಿನಲ್ಲಿಯೇ ಸುಪ್ರೀಂ ಕೋರ್ಟ್, ಇಂಥ ಕಟ್ಟುಪಾಡು ವಿಶ್ವಾಸಮತ ಮತ್ತು ಪಕ್ಷ ಜನರ ಮುಂದಿಟ್ಟ ಮೂಲ ಕಾರ್ಯಕ್ರಮಕ್ಕೆ ಸಂಬಂಧಿಸಿದ ವಿಷಯಗಳಿಗೆ ಸೀಮಿತವಾಗಿರುವುದು ಒಳಿತು ಎಂಬ ಅಭಿಪ್ರಾಯ ಸೂಚಿಸಿತ್ತು. ಅದನ್ನು ಪಕ್ಷಗಳು ಕಿವಿಗೆ ಹಾಕಿಕೊಂಡಿಲ್ಲ. ಸೈನಿಕನಿಗೂ ಕಾನೂನು ಹೇಳುವುದು ಕಾನೂನುಬದ್ಧ ಆಜ್ಞೆಯನ್ನು ಪಾಲಿಸು ಎಂದೇ ಹೊರತು ಯಾವ ಆಜ್ಞೆಯನ್ನಾದರೂ ಪಾಲಿಸು ಎಂದಲ್ಲ. ಶಾಸಕನಿಗೆ ಅಷ್ಟೂ ಬಿಡುವು ಇಲ್ಲದಿದ್ದರೆ ಹೇಗೆ?

ಶಿಸ್ತು ಬೇಕೆನ್ನುವವರು ನೋಡಬೇಕಾದ ಜಾಗ ಇನ್ನೊಂದಿದೆ. ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕೆಂದು ಕರ್ನಾಟಕ 2005ರಲ್ಲಿ ಕಾಯ್ದೆ ಮಾಡಿಕೊಂಡಿದೆ. ತಾನೇ ಮಾಡಿದ ಆ ಕಾಯ್ದೆಯನ್ನು ಸದನ ಹಲವು ವರ್ಷ ಪಾಲಿಸಿಲ್ಲ. ಹಾಜರಾತಿ, ಮಸೂದೆಯ ಓದು, ಕೇಳಿದ ಪ್ರಶ್ನೆ, ಸಮಿತಿಯಲ್ಲಿ ಮಾಡಿದ ಕೆಲಸ, ಇವೇ ಶಾಸಕನ ಶಿಸ್ತು.

ಇಷ್ಟು ಹೇಳಿದ ಮೇಲೆ, ಈ ನೆಲದ ಒಬ್ಬ ಶಾಸಕರ ಬದುಕನ್ನು ಹತ್ತಿರದಿಂದ ನೋಡಬೇಕೆನಿಸುತ್ತದೆ. ಶಿವಲಿಂಗಪ್ಪ ರುದ್ರಪ್ಪ ಕಂಠಿ, ಜನರ ಬಾಯಲ್ಲಿ ಎಸ್.ಆರ್. ಕಂಠಿ, ಸೈನಿಕರಾಗಿರಲಿಲ್ಲ, ವಕೀಲರಾಗಿದ್ದರು. 1908ರ ಡಿಸೆಂಬರ್ 21ರಂದು ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ ಹುಟ್ಟಿದರು. ಸ್ವಾತಂತ್ರ್ಯ ಹೋರಾಟದಿಂದ ರಾಜಕಾರಣಕ್ಕೆ ಬಂದು ಹುನಗುಂದ ಕ್ಷೇತ್ರದ ಪ್ರತಿನಿಧಿಯಾದರು. ಮುಂಬಯಿ ವಿಧಾನಸಭೆಯಲ್ಲಿ ಉಪಸಭಾಧ್ಯಕ್ಷರಾಗಿದ್ದ ಅವರು ಏಕೀಕರಣದ ನಂತರ 1956ರ ಡಿಸೆಂಬರ್‌ನಿಂದ 1962ರ ಮಾರ್ಚ್‌ವರೆಗೆ ಮೈಸೂರು ವಿಧಾನಸಭೆಯ ಸಭಾಧ್ಯಕ್ಷರಾದರು. ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು, ಹಳೇ ಮೈಸೂರು, ಹೀಗೆ ಐದು ಆಡಳಿತಗಳಿಂದ ಬಂದ ಸದಸ್ಯರು ಒಂದೇ ಸೂರಿನಡಿ ಮೊದಲ ಸಲ ಕೂತಿದ್ದ ಸದನ ಅದು. ಒಬ್ಬರಿಗೆ ರೂಢಿಯಾದ ಕಾನೂನು ಇನ್ನೊಬ್ಬರಿಗೆ ಅಪರಿಚಿತ. ಅಂಥ ಸದನವನ್ನು ನಡೆಸುವವನಿಗೆ ಬೇಕಾದದ್ದು ದಳಪತಿಯ ದನಿಯಲ್ಲ. ತನಗೆ ಒಪ್ಪಿಗೆಯಿಲ್ಲದ ಮಾತನ್ನೂ ಪೂರ್ತಿ ಆಡಗೊಡುವ ತಾಳ್ಮೆ ಬೇಕು.

1962ರ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಿತು, ಅದರ ನಾಯಕ ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತರು. ಮಾರ್ಚ್ 14ರಂದು ಕಂಠಿ ಮುಖ್ಯಮಂತ್ರಿಯಾದರು. ಬಾಗಲಕೋಟೆಯ ಶಾಸಕ ಬಿ.ಟಿ. ಮುರನಾಳರು ಸ್ಥಾನ ತೆರವು ಮಾಡಿ, ಅಲ್ಲಿಂದ ನಿಜಲಿಂಗಪ್ಪ ಆರಿಸಿಬಂದ ಮೇಲೆ ಜೂನ್ 20ರಂದು ಕಂಠಿ ಕುರ್ಚಿ ಬಿಟ್ಟುಕೊಟ್ಟರು. ಒಟ್ಟು 98 ದಿನ. ರಾಮನ ಪಾದುಕೆ ಇಟ್ಟು ರಾಜ್ಯ ನೋಡಿಕೊಂಡ ಭರತನಿಗೆ ಅವರನ್ನು ಹೋಲಿಸಿ ಕೊಂಡಾಡುವವರು ಈಗಲೂ ಇದ್ದಾರೆ.

ಆ ಹೋಲಿಕೆಯನ್ನು ಒಪ್ಪಲು ನನಗೆ ಕಷ್ಟವಾಗುತ್ತದೆ. ಪ್ರಜಾಪ್ರಭುತ್ವದಲ್ಲಿ ರಾಜ್ಯ ಯಾರ ಪಿತ್ರಾರ್ಜಿತವೂ ಅಲ್ಲ, ಹಿಂದಿರುಗಿಸಲು ಅಲ್ಲಿ ರಾಮನಿಲ್ಲ. ಹೊಸದುರ್ಗದ ಮತದಾರರು ಬೇಡ ಎಂದವರನ್ನು ಬಾಗಲಕೋಟೆಯ ಮತದಾರರ ಮೂಲಕ ಒಳತಂದದ್ದು ಎಷ್ಟು ಸರಿ ಎಂಬ ಪ್ರಶ್ನೆಯನ್ನು ಕೇಳಲೇಬೇಕು. ಬಾಗಲಕೋಟೆಯವರು ಮೂರು ತಿಂಗಳ ಹಿಂದೆ ಆರಿಸಿದ್ದು ಬೇರೆಯವರನ್ನು. ಕಂಠಿಯವರದು ಬರೀ ವ್ಯಕ್ತಿನಿಷ್ಠೆಯಾಗಿದ್ದರೆ ಅದು ಶಿಸ್ತಿನ ಸಿಪಾಯಿಯ ಹಳೆಯ ರೂಪವೇ ಆಗುತ್ತಿತ್ತು. ಆದರೆ ಇನ್ನೊಂದು ಬದಿಯಿಂದಲೂ ನೋಡಬೇಕು. ಸಂವಿಧಾನದ 164ನೇ ವಿಧಿ ಸದಸ್ಯನಲ್ಲದವನಿಗೂ ಆರು ತಿಂಗಳು ಮಂತ್ರಿಯಾಗಿರಲು ಅವಕಾಶ ಕೊಡುತ್ತದೆ. ನಿಜಲಿಂಗಪ್ಪ ಆ ಅವಕಾಶವನ್ನು ಬಳಸಿ ಸೋತ ಮರುದಿನವೇ ಪ್ರಮಾಣವಚನ ಸ್ವೀಕರಿಸಬಹುದಿತ್ತು. ಹಾಗಾಗಲಿಲ್ಲ, ಗೆದ್ದು ಬರುವವರೆಗೆ ಕಾಯಬೇಕಾಯಿತು. ಆ ನಡುವಿನ ಕಾಲದಲ್ಲಿ ಅಧಿಕಾರ, ಖಜಾನೆ, ಪೊಲೀಸ್ ಎಲ್ಲವೂ ಕಂಠಿಯವರ ಕೈಯಲ್ಲಿತ್ತು. ಗುಂಪು ಕಟ್ಟಿ ಕುರ್ಚಿ ಭದ್ರಪಡಿಸಿಕೊಳ್ಳಲು ಅವರು ಅದನ್ನು ಬಳಸಲಿಲ್ಲ. ಕೊಟ್ಟ ಮಾತಿಗೆ ನಿಂತರು. ಅಧಿಕಾರವನ್ನು ಸ್ವಂತ ಆಸ್ತಿ ಎಂದು ತಿಳಿಯದ ಈ ನಡೆಯನ್ನು ನಾನು ಮೆಚ್ಚುತ್ತೇನೆ. ಅದು ಬಂದದ್ದು ಹಲವು ವರ್ಷ ಸದನದ ನಿಯಮಗಳ ನಡುವೆ ಬದುಕಿದ ಅಭ್ಯಾಸದಿಂದ ಎಂದು ನನಗನ್ನಿಸುತ್ತದೆ.

ಮುಖ್ಯಮಂತ್ರಿಯಾಗಿದ್ದವರು ಅದಾದ ಮೇಲೆ ನಿಜಲಿಂಗಪ್ಪನವರ ಸಂಪುಟದಲ್ಲಿ ಶಿಕ್ಷಣ ಮಂತ್ರಿಯಾಗಿ ಕೆಲಸಕ್ಕೆ ಕುಳಿತರು. ಸೇನೆಗೂ ಅವರ ಬದುಕಿಗೂ ನಂಟು ಬೆಳೆದದ್ದು ಅಲ್ಲಿ. ಸಾಮಾನ್ಯರ ಮಕ್ಕಳೂ ಸೇನೆಯ ಅಧಿಕಾರಿಗಳಾಗುವಂತೆ ತಯಾರು ಮಾಡುವ ಸೈನಿಕ ಶಾಲೆಗಳ ಯೋಜನೆ 1961ರಲ್ಲಿ ಆರಂಭವಾಗಿತ್ತು. ಚೀನಾ ಯುದ್ಧದ ಮರುವರ್ಷ, 1963ರ ಸೆಪ್ಟೆಂಬರ್ 16ರಂದು, ವಿಜಾಪುರದಲ್ಲಿ ಸೈನಿಕ ಶಾಲೆ ಶುರುವಾಯಿತು. ಅದು ಬೆಂಗಳೂರು ಮೈಸೂರುಗಳ ಪಾಲಾಗದೆ, ಬರಕ್ಕೆ ಹೆಸರಾದ ವಿಜಾಪುರ ಜಿಲ್ಲೆಗೆ ಬಂದದ್ದರಲ್ಲಿ ಕಂಠಿಯವರ ಪಾತ್ರ ದೊಡ್ಡದು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲವೂ ಅದೇ ಜಿಲ್ಲೆಯ ತಾಲ್ಲೂಕುಗಳು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ.

ವಿಚಾರವಾದಿಗಳಾದ ನೀವು ಮಕ್ಕಳ ಸೈನಿಕ ತರಬೇತಿಯನ್ನು ಹೇಗೆ ಒಪ್ಪುತ್ತೀರಿ ಎಂದು ಗೆಳೆಯರು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಯುದ್ಧವನ್ನು ವೈಭವೀಕರಿಸುವ ಶಿಕ್ಷಣ ನನಗೂ ಬೇಡ. ಆದರೆ ದೇಶಕ್ಕೆ ಸೇನೆ ಇರುವವರೆಗೆ ಗುಂಡಿಗೆ ಎದೆಯೊಡ್ಡುವವರು ಬಡವರ ಮಕ್ಕಳು, ಆಜ್ಞೆ ಕೊಡುವವರು ಉಳ್ಳವರ ಮಕ್ಕಳು ಎಂಬಂತಾಗಬಾರದು. ರೈತನ ಮಗನೂ ಆಜ್ಞೆ ಕೊಡುವ ಸ್ಥಾನಕ್ಕೆ ಹೋಗಬಲ್ಲ ದಾರಿ ತೆರೆದದ್ದು ಸಮಾನತೆಯ ಕೆಲಸ. ಅದೇ ಅಳತೆಗೋಲಿನಿಂದ ಅದರ ಕೊರತೆಯನ್ನೂ ಹೇಳಬೇಕು. ಸೈನಿಕ ಶಾಲೆಗಳ ಬಾಗಿಲು ದೇಶದಾದ್ಯಂತ ಹುಡುಗಿಯರಿಗೆ ತೆರೆದದ್ದು 2021ರಲ್ಲಿ. ನಮ್ಮ ಭಾಗದಲ್ಲಿ 1969ರಲ್ಲಿ ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ಚೆನ್ನಮ್ಮನ ಹೆಸರಿನ ವಸತಿ ಶಾಲೆ ಬಂತು, ಆದರೂ ಸೇನೆಯ ಅಧಿಕಾರಿ ಹುದ್ದೆಗೆ ಒಯ್ಯುವ ರಕ್ಷಣಾ ಅಕಾಡೆಮಿಯ ದಾರಿ ಹುಡುಗಿಯರಿಗೆ ದಶಕಗಟ್ಟಲೆ ಮುಚ್ಚಿಯೇ ಇತ್ತು. ಕೋಚಿಂಗ್ ಕ್ಲಾಸಿಗೆ ಹಣ ಕಟ್ಟಬಲ್ಲವರೇ ಪ್ರವೇಶ ಪರೀಕ್ಷೆಯಲ್ಲಿ ಮುಂದಾಗುತ್ತಿದ್ದರೆ ಯೋಜನೆಯ ಮೂಲ ಉದ್ದೇಶವೇ ತಪ್ಪಿತೆಂದು ಹೇಳುವ ಹೊಣೆಯೂ ಶಾಸಕರದೇ.

ಸೈನಿಕರ ಬಗ್ಗೆ ರಾಜ್ಯದ ಶಾಸಕರಿಗಿರುವ ನಿಜವಾದ ಕೆಲಸ ಯಾವುದೆಂದು ನನಗೆ ತಿಳಿದದ್ದು ನಮ್ಮ ಭಾಗದ ಒಂದು ತಾಲ್ಲೂಕು ಕಚೇರಿಯ ಜಗಲಿಯಲ್ಲಿ. ನಿವೃತ್ತ ಹವಾಲ್ದಾರರೊಬ್ಬರು ಪ್ಲಾಸ್ಟಿಕ್ ಚೀಲದೊಳಗಿಂದ ಕಾಗದಗಳನ್ನು ತೆಗೆದು ಮೊಣಕಾಲ ಮೇಲೆ ಜೋಡಿಸಿಕೊಳ್ಳುತ್ತಿದ್ದರು. ಡಿಸ್ಚಾರ್ಜ್ ಬುಕ್, ಪಿಂಚಣಿಯ ಆದೇಶ, ಜಮೀನಿಗೆ ಕೊಟ್ಟ ಅರ್ಜಿಯ ನಕಲು, ಹಿಂಬರಹ, ಅದಕ್ಕೆ ಮತ್ತೆ ಕೊಟ್ಟ ಅರ್ಜಿ. ಮಡಚಿ ಮಡಚಿ ಹಿಂಬರಹದ ಮಡಿಕೆಯಲ್ಲಿ ಅಕ್ಷರ ಅಳಿಸಿಹೋಗಿತ್ತು. ಒಳಗಿನಿಂದ ಬಂದ ಗುಮಾಸ್ತ ಮರ್ಯಾದೆಯಿಂದಲೇ ಹೇಳಿದ, “ಕಾಕಾ, ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ್ರಿ, ಬರೋ ವಾರ ಬರ್ರಿ.” ಅವರು ಕಾಗದಗಳನ್ನು ಮತ್ತೆ ಅದೇ ಕ್ರಮದಲ್ಲಿ ಚೀಲಕ್ಕೆ ಸೇರಿಸಿದರು. “ಅಲ್ಲಿ ಹೇಳಿದ ಟೈಮಿಗೆ ಹೇಳಿದ ಕೆಲಸ ಆಗತಿತ್ತರಿ. ಇಲ್ಲಿ ಯಾರಿಗೆ ಹೇಳಬೇಕು ಅನ್ನೋದ ತಿಳಿವಲ್ದು” ಎಂದರು.

ಅವರು ಕೇಳುತ್ತಿದ್ದದ್ದು ದಾನವಲ್ಲ. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಮೀಸಲು ಪಾಲು ಇದೆ. ರಾಜ್ಯದ ನೇಮಕಾತಿಗಳಲ್ಲಿಯೂ ಇದೆ. ಕಾಗದದ ಮೇಲಿನ ಹಕ್ಕು ತಾಲ್ಲೂಕು ಕಚೇರಿಯ ಮೆಟ್ಟಿಲಲ್ಲಿ ನಿಂತುಹೋಗಿದ್ದರೆ ಅದನ್ನು ಕೇಳಬೇಕಾದವರು ಆಗಸ್ಟ್ 15ರಂದು ಅವರಿಗೆ ಶಾಲು ಹೊದಿಸಿದ ಶಾಸಕರೇ. ತಾಲ್ಲೂಕಿನಲ್ಲಿ ಇಂಥ ಎಷ್ಟು ಅರ್ಜಿಗಳು, ಯಾವ ವರ್ಷದಿಂದ ಬಾಕಿ ಇವೆ? ಮಂಜೂರು ಮಾಡಲು ಜಮೀನು ಇಲ್ಲ ಎಂದಾದರೆ ಹಾಗೆಂದು ಬರೆದುಕೊಟ್ಟು ಬೇರೆ ದಾರಿ ತೋರಿಸಿದ್ದಾರೆಯೇ? ಅದೇ ಗೋಮಾಳವನ್ನು ನಂಬಿ ಕುರಿ ಮೇಯಿಸುವವರ, ಭೂಮಿಯಿಲ್ಲದ ಕೂಲಿಕಾರರ ಹಕ್ಕಿನೊಂದಿಗೆ ಇದನ್ನು ಹೇಗೆ ಹೊಂದಿಸುತ್ತೀರಿ? ಮೂರೂ ಸದನದಲ್ಲಿ ಲಿಖಿತ ಉತ್ತರ ಪಡೆಯಬಹುದಾದ ಪ್ರಶ್ನೆಗಳು. ಸೈನಿಕನ ಹಕ್ಕು ಉಳಿದ ಬಡವರ ಹಕ್ಕಿಗಿಂತ ಮೇಲಲ್ಲ, ಅದಕ್ಕಿಂತ ಕೆಳಗೂ ಅಲ್ಲ.

ಇನ್ನು ಮುಂದೆ ಈ ಪ್ರಶ್ನೆ ಹೆಚ್ಚು ಬಿಗಿಯಾಗಲಿದೆ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಅದರ ನಂತರ ಕಾಯಂ ಆಗುವವರು ಹೆಚ್ಚೆಂದರೆ ಶೇ. 25. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿಯೊಂದಿಗೆ ಊರಿಗೆ ಮರಳುತ್ತಾರೆ. ಅವರಿಗೆ ಪಿಂಚಣಿ ಇಲ್ಲ, ಯೋಜನೆಯ ಷರತ್ತಿನಂತೆ ಮಾಜಿ ಸೈನಿಕರ ಸ್ಥಾನಮಾನವೂ ಇಲ್ಲ. ಮೊದಲ ತಂಡಗಳ ತರಬೇತಿ ಶುರುವಾದದ್ದು 2022ರ ಕೊನೆ ಮತ್ತು 2023ರ ಆರಂಭದಲ್ಲಿ, ಹಾಗಾಗಿ ಮರಳುವವರ ಸಾಲು 2026ರ ಕೊನೆಯಿಂದ ಆರಂಭ. ಇಪ್ಪತ್ತೆರಡು, ಇಪ್ಪತ್ತೈದರ ಹುಡುಗರು ಇವರು. ಭೂಮಿಯ ಮೀಸಲಿನಲ್ಲಿ, ನೇಮಕಾತಿಯ ಮೀಸಲಿನಲ್ಲಿ ಇವರಿಗೆ ಪಾಲು ಇದೆಯೋ ಇಲ್ಲವೋ ಎಂಬುದನ್ನು ರಾಜ್ಯದ ನಿಯಮಗಳು ಹೇಳಬೇಕು. ಪಾಲು ಕೊಡುವುದಾದರೆ ಹದಿನೇಳು ವರ್ಷ ದುಡಿದು ಬಂದು ಜಗಲಿಯಲ್ಲಿ ಕಾಯುತ್ತಿರುವವರ ಸರದಿ ಎಲ್ಲಿ? ಕೊಡುವುದಿಲ್ಲವಾದರೆ ಅದಕ್ಕೆ ಕಾರಣವೇನು? 2028ರಲ್ಲಿ ಹುನಗುಂದದಲ್ಲಾಗಲಿ ಬಾದಾಮಿಯಲ್ಲಾಗಲಿ ಮತ ಕೇಳಲು ಬರುವವರು, ಸಮವಸ್ತ್ರ ತೊಟ್ಟವರಿರಲಿ ತೊಡದವರಿರಲಿ, ಈ ಲೆಕ್ಕವನ್ನು ಬರೆದುಕೊಂಡೇ ಬರಬೇಕು ಎಂದು ಈಗಿನಿಂದಲೇ ಕೇಳಲು ನಮಗೆ ಯಾವ ಅಡ್ಡಿಯೂ ಇಲ್ಲ.